ಮುಟ್ಟದಿದ್ದರೂ ಕೆಡುವ ಪೆಟ್ಟಿಗೆ

ಕಳೆದ ತಿಂಗಳು ಆಫೀಸಿನಲ್ಲಿ ಅರ್ಧ ಪುಟದ ಒಂದು ಪ್ರಸ್ತಾಪ ಇಟ್ಟೆ. ವಾರ ತುಂಬುವುದರೊಳಗೆ ಅದರ ಮೇಲೆ ಏಳು ಆಕ್ಷೇಪಣೆ ಬಂದವು. ಮೂರು ಬರಹದಲ್ಲಿ, ಮೂರು ಮೀಟಿಂಗಿನಲ್ಲಿ, ಒಂದು ನವರಂಗ್ ಹತ್ತಿರದ ದರ್ಶಿನಿಯಲ್ಲಿ ಬೈಟೂ ಕಾಫಿ ಹಿಡಿದು ನಿಂತಿದ್ದಾಗ. ಆಕ್ಷೇಪಿಸಿದವರೆಲ್ಲ ನನಗಿಂತ ಅನುಭವಿಗಳು. ಅವರಲ್ಲಿ ಇಬ್ಬರಿಂದ ನಾನು ಈ ಕೆಲಸವನ್ನೇ ಕಲಿತದ್ದು. ಆದರೆ ಕಲಿಸಿದವರು ಹೇಳಿದ್ದೆಲ್ಲ ಸರಿ ಎಂದು ಅವರೇ ಯಾವತ್ತೂ ಕಲಿಸಲಿಲ್ಲ. ಹಾಗಾಗಿ ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದೇನೆ. ಕೆಂಗೇರಿಯಿಂದ ವೈಟ್‌ಫೀಲ್ಡ್‌ವರೆಗೆ ಎಲ್ಲ ಆಫೀಸಿನಲ್ಲೂ ಇದೇ ವಾದ ನಡೆಯುತ್ತಿರುವುದರಿಂದ ಇದು ಬರೀ ನಮ್ಮ ಮನೆಯ ಜಗಳ ಅಂದುಕೊಳ್ಳಬೇಕಿಲ್ಲ.

ನಮ್ಮದು ರಾಜಾಜಿನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿರುವ ಸಣ್ಣ ಕಂಪನಿ. ಶಾಲೆಗಳ ಫೀಸು, ಕಲ್ಯಾಣ ಮಂಟಪಗಳ ಬುಕಿಂಗ್, ಕಾಮಾಕ್ಷಿಪಾಳ್ಯದ ವರ್ಕ್‌ಷಾಪ್‌ಗಳ ಜಾಬ್‌ವರ್ಕ್ ಲೆಕ್ಕ, ಇಂಥ ಹದಿನಾಲ್ಕು ಸರ್ವಿಸ್‌ಗಳನ್ನು ನಡೆಸುತ್ತೇವೆ. ಪ್ರಸ್ತಾಪ ಇಷ್ಟೇ: ನಮ್ಮ ಬೇಸ್ ಇಮೇಜ್‌ಗಳಲ್ಲಿ ಈಗ ಪೈಥಾನ್ 3.10, ಜಾವಾ 8, ನೋಡ್ 18 ಇವೆ. ಇವುಗಳ ಪಕ್ಕದಲ್ಲಿ ಪೈಥಾನ್ 3.13, ಜಾವಾ 21, ನೋಡ್ 22 ಕೂಡ ಇಡೋಣ. ‘ಪಕ್ಕದಲ್ಲಿ’ ಎಂಬ ಪದಕ್ಕೆ ಅಡಿಗೆರೆ ಹಾಕಿದ್ದೆ. ಆಕ್ಷೇಪಿಸಿದವರಲ್ಲಿ ಹೆಚ್ಚಿನವರು ಅದೊಂದನ್ನು ಬಿಟ್ಟು ಉಳಿದದ್ದನ್ನು ಓದಿದ್ದಾರೆ.

ಈ ಕಸುಬಿನಲ್ಲಿ ಇಲ್ಲದವರಿಗೆ ಎರಡು ಮಾತು. ಪೈಥಾನ್‌ನಲ್ಲೋ ಜಾವಾದಲ್ಲೋ ಬರೆದ ಪ್ರೋಗ್ರಾಂ ತಾನಾಗಿ ಓಡುವುದಿಲ್ಲ, ಅದನ್ನು ಓಡಿಸುವ ಇನ್ನೊಂದು ತಂತ್ರಾಂಶ ಬೇಕು. ಅದೇ ರನ್‌ಟೈಮ್. ಹಿಂದೆ ಅದನ್ನು ನೇರವಾಗಿ ಸರ್ವರ್ ಮೇಲೆ ಹಾಕುತ್ತಿದ್ದೆವು. 2013ರಲ್ಲಿ ಡಾಕರ್ ಬಂದ ಮೇಲೆ ರನ್‌ಟೈಮ್, ಲೈಬ್ರರಿಗಳು, ಲಿನಕ್ಸ್‌ನ ಒಂದಷ್ಟು ಫೈಲುಗಳು ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿ ಮುಚ್ಚುವುದು ರೂಢಿಯಾಯಿತು. ಮುಚ್ಚಿದ ಪೆಟ್ಟಿಗೆ ಇಮೇಜ್, ಅದು ಓಡುತ್ತಿರುವಾಗ ಕಂಟೇನರ್. ಎಲ್ಲ ಪೆಟ್ಟಿಗೆಗಳ ತಳಕ್ಕೂ ಹಾಕುವ ಪದರ ಬೇಸ್ ಇಮೇಜ್. ಅದನ್ನು ಕಟ್ಟಿಕೊಡುವ ಕೆಲಸ ನನ್ನದು, ಆದ್ದರಿಂದ ಬೈಗುಳವೂ ನನ್ನದೇ.

‘ನಡೀತಾ ಇದೆಯಲ್ಲ, ಯಾಕೆ ಮುಟ್ತೀರ?’

ಮೊದಲ ಆಕ್ಷೇಪಣೆ ಇದು, ಎಲ್ಲಕ್ಕಿಂತ ಗಟ್ಟಿ ದನಿಯಲ್ಲಿ ಬಂದದ್ದೂ ಇದೇ. ಹೇಳಿದವರು ರಾತ್ರಿ ಎರಡು ಗಂಟೆಗೆ ಬಂದ ಫೋನುಗಳನ್ನು ಇಪ್ಪತ್ತು ವರ್ಷ ಎತ್ತಿದವರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಈ ಮಾತಿನ ಹಿಂದೆ ಒಂದು ನಂಬಿಕೆ ಕೂತಿದೆ: ಪೆಟ್ಟಿಗೆ ಮುಚ್ಚಿಟ್ಟರೆ ಅದು ಇದ್ದ ಹಾಗೇ ಇರುತ್ತದೆ. ಪೆಟ್ಟಿಗೆ ಇರುತ್ತದೆ, ನಿಜ. ಅದನ್ನಿಟ್ಟ ನೆಲ ಇರುವುದಿಲ್ಲ.

ನಮ್ಮ ಕಲ್ಯಾಣ ಮಂಟಪದ ಬುಕಿಂಗ್ ಸರ್ವಿಸ್ ಜಾವಾ 8ರ ಮೇಲಿದೆ. ಜಾವಾಕ್ಕೆ ಒಂದು ಅಭ್ಯಾಸ: ಮೆಮೊರಿ ಎಷ್ಟು ಬಳಸಬೇಕೆಂದು ನಾವು ಹೇಳದಿದ್ದರೆ, ಯಂತ್ರದಲ್ಲಿ ಎಷ್ಟಿದೆ ಎಂದು ತಾನೇ ನೋಡಿ ಅದರ ಕಾಲುಭಾಗವನ್ನು ತನ್ನ ದತ್ತಾಂಶ ಇಡುವ ಜಾಗವಾದ ಹೀಪ್‌ನ ಮಿತಿಯಾಗಿ ಇಟ್ಟುಕೊಳ್ಳುತ್ತದೆ. 16 ಜಿಬಿ ಯಂತ್ರದಲ್ಲಿ 4 ಜಿಬಿ. ಆದರೆ ಕಂಟೇನರ್‌ಗೆ ನಾವು ಕೊಟ್ಟ ಮಿತಿ 1 ಜಿಬಿ. ಹಳೆಯ ಜಾವಾಕ್ಕೆ ತಾನು ಪೆಟ್ಟಿಗೆಯೊಳಗಿದ್ದೇನೆ ಎಂಬುದೇ ತಿಳಿಯುತ್ತಿರಲಿಲ್ಲ. 1 ಜಿಬಿ ದಾಟಿದ ಕ್ಷಣ ಲಿನಕ್ಸ್‌ನ ತಿರುಳಾದ ಕರ್ನೆಲ್ ಅದನ್ನು ಕೊಲ್ಲುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಬಂದ ಜಾವಾ 8ರ 191ನೇ ಅಪ್‌ಡೇಟ್ ಇದನ್ನು ಸರಿಮಾಡಿತು. ಲಿನಕ್ಸ್‌ನ ಸಿಗ್ರೂಪ್ ಫೈಲುಗಳನ್ನು ಓದಿ ತನ್ನ ಮಿತಿಯನ್ನು ತಿಳಿಯುವುದನ್ನು ಜಾವಾ ಕಲಿಯಿತು. ನಾವೂ ನೆಮ್ಮದಿಯಾಗಿ ಮಲಗಿದೆವು.

ಆಮೇಲೆ ಆದದ್ದು ಕೇಳಿ. ಸರ್ವರ್ ಬಾಡಿಗೆಗೆ ಕೊಟ್ಟಿದ್ದವರು ಹಳೆಯ ಯಂತ್ರ ತೆಗೆದು ಉಬುಂಟು 22.04 ಇರುವ ಹೊಸ ಯಂತ್ರಕ್ಕೆ ನಮ್ಮನ್ನು ಸಾಗಿಸಿದರು. ಅದರಲ್ಲಿ ಇರುವುದು ಸಿಗ್ರೂಪ್‌ನ ಎರಡನೇ ಆವೃತ್ತಿ. ಮಿತಿ ಬರೆದಿರುವ ಫೈಲಿನ ಹೆಸರು ಬೇರೆ, ಜಾಗ ಬೇರೆ. ಎರಡನೇ ಆವೃತ್ತಿಯನ್ನು ಓದಲು ಜಾವಾ 8 ಕಲಿತದ್ದು 372ನೇ ಅಪ್‌ಡೇಟ್‌ನಲ್ಲಿ, 2023ರ ಏಪ್ರಿಲ್‌ನಲ್ಲಿ. ನಾವು ಬಳಸುತ್ತಿದ್ದ, ಸಿದ್ಧ ಇಮೇಜ್‌ಗಳ ಭಂಡಾರವಾದ ಡಾಕರ್ ಹಬ್‌ನ ಓಪನ್‌ಜೆಡಿಕೆ 8 ಇಮೇಜ್ 2022ರಲ್ಲೇ 342ನೇ ಅಪ್‌ಡೇಟ್‌ಗೆ ನಿಂತುಹೋಗಿತ್ತು. ಅದನ್ನು ಕೈಬಿಟ್ಟಿದ್ದೇವೆ ಎಂದು ಕಟ್ಟುತ್ತಿದ್ದವರು ಅದರ ಪುಟದ ಮೇಲೆಯೇ ಬರೆದಿದ್ದರು. ಓದಿದವರು ಯಾರು! ಜಾವಾಕ್ಕೆ ಮತ್ತೆ ಇಡೀ 16 ಜಿಬಿ ಕಾಣತೊಡಗಿತು. ಲಗ್ನದ ಕಾಲ, ಮಧ್ಯಾಹ್ನ ಮಂಟಪದವರೆಲ್ಲ ತಾರೀಖು ನೋಡಲು ಕೂತ ಹೊತ್ತಿಗೆ ಸರಿಯಾಗಿ ಸರ್ವಿಸ್ ಸಾಯುತ್ತಿತ್ತು. ಲಾಗ್‌ನಲ್ಲಿ ಒಂದು ಸಾಲಿನ ಎರರ್ ಕೂಡ ಇಲ್ಲ. ಹೊರಗೆ ಸಿಗುತ್ತಿದ್ದದ್ದು 137 ಎಂಬ ಒಂದು ಸಂಖ್ಯೆ ಮಾತ್ರ: 128ಕ್ಕೆ 9 ಕೂಡಿಸಿದ್ದು, ಅಂದರೆ ಕರ್ನೆಲ್ 9ನೇ ಸಿಗ್ನಲ್ ಕೊಟ್ಟು ಕೊಂದಿದೆ. ಹೀಪ್ ಮಿತಿಯನ್ನು ಕೈಯಾರೆ ಬರೆದಿದ್ದರೆ ಇದು ಆಗುತ್ತಿರಲಿಲ್ಲ, ಆ ಸೋಮಾರಿತನ ನಮ್ಮದೇ. ಆದರೆ ನಾಲ್ಕು ವರ್ಷ ‘ನಡೀತಾ ಇದ್ದ’ ಪೆಟ್ಟಿಗೆಯ ಒಂದು ಬೈಟ್ ಕೂಡ ಬದಲಾಗಿರಲಿಲ್ಲ ಎಂಬುದನ್ನು ಗಮನಿಸಿ. ಯಾರೂ ಮುಟ್ಟಿರಲಿಲ್ಲ.

ಇಂಥದ್ದು ಇದೊಂದೇ ಅಲ್ಲ. 2021ರ ಸೆಪ್ಟೆಂಬರ್ 30ರಂದು, ವೆಬ್‌ಸೈಟ್‌ಗಳಿಗೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಆತುಕೊಂಡಿದ್ದ ಹಳೆಯ ರೂಟ್ ಸರ್ಟಿಫಿಕೇಟ್‌ನ ಅವಧಿ ಮುಗಿಯಿತು. ಓಪನ್‌ಎಸ್‌ಎಸ್‌ಎಲ್ 1.0.2 ಇಟ್ಟುಕೊಂಡಿದ್ದ ಹಳೆಯ ಇಮೇಜ್‌ಗಳು ಬೆಳಗಾಗುವುದರಲ್ಲಿ ಅರ್ಧ ಇಂಟರ್‌ನೆಟ್ಟಿನ ಜೊತೆ ಮಾತು ಬಿಟ್ಟವು. 2023ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಡಿಸ್ಟ್ರೋದ 9ನೇ ಆವೃತ್ತಿಯ ಪ್ಯಾಕೇಜುಗಳನ್ನು ಹಳೆಯ ದಾಖಲೆಗಳ ಸರ್ವರ್‌ಗೆ ಸಾಗಿಸಿದರು. ಸೆಂಟ್‌ಓಎಸ್ 7ರ ಬಾಗಿಲು 2024ರ ಜೂನ್ 30ಕ್ಕೆ ಮುಚ್ಚಿತು. ಓಡುತ್ತಿರುವ ಕಂಟೇನರ್‌ಗೆ ಇದು ತಟ್ಟುವುದಿಲ್ಲ, ನಿಜ. ಮತ್ತೆ ಕಟ್ಟಬೇಕಾದ ದಿನ ತಟ್ಟುತ್ತದೆ.

ಆ ದಿನ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಕೌನ್ಸಿಲ್ ದರಗಳನ್ನು ಬದಲಿಸಿತು, 22ರಿಂದ ಜಾರಿ. ನಡುವೆ ಹತ್ತೊಂಬತ್ತು ದಿನ. ವರ್ಕ್‌ಷಾಪ್ ಲೆಕ್ಕದ ನಮ್ಮ ಹಳೆಯ ಸರ್ವಿಸ್ಸೊಂದರಲ್ಲಿ ದರದ ಪಟ್ಟಿ ತಿದ್ದುವುದು ಅರ್ಧ ಗಂಟೆಯ ಕೆಲಸ. ತಿದ್ದಿದ್ದಾಯಿತು. ಆದರೆ ಅದರ ಬೇಸ್ ಇಮೇಜ್ ಇನ್ನೂ ಡೆಬಿಯನ್ 9. ಪ್ಯಾಕೇಜ್ ತರಲು ಹೋದ ಬಿಲ್ಡ್ 404 ಎಂದು ವಾಪಸ್ ಬಂತು. ಅದನ್ನು ಸರಿಮಾಡಿದರೆ ಇನ್ನೊಂದು, ಇನ್ನೊಂದನ್ನು ಸರಿಮಾಡಿದರೆ ಮತ್ತೊಂದು. ಅರ್ಧ ಗಂಟೆಯ ತಿದ್ದುಪಡಿಯನ್ನು ಹೊರಗೆ ಹಾಕಲು ಪೂರಾ ಎರಡು ದಿನ ಹಿಡಿಯಿತು. ಮುಟ್ಟಬೇಡಿ ಎನ್ನುವವರು ಮುಟ್ಟಲೇಬೇಕಾದ ದಿನವನ್ನು ಮುಂದೂಡುತ್ತಾರೆ, ಆ ದಿನವನ್ನು ಆರಿಸುವ ಹಕ್ಕನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ.

‘2023ರ ಜೂನ್ ಮರೆತುಹೋಯಿತೇ?’

ಮರೆತಿಲ್ಲ. ನನ್ನ ಮೇಲೆ ಎತ್ತುವ ಬೆರಳು ಅದು. ಆ ತಿಂಗಳು ಒಂದು ಬೆಳಗ್ಗೆ ನಮ್ಮ ಪೈಥಾನ್ ಬಿಲ್ಡ್‌ಗಳೆಲ್ಲ ಒಟ್ಟಿಗೆ ಬಿದ್ದವು. ಹೊಸ ಥ್ರೆಡ್ ಶುರುಮಾಡಲಾಗುತ್ತಿಲ್ಲ ಎಂಬ ಒಂದೇ ಸಾಲು. ನಮ್ಮ ಕೋಡ್ ಶುರುವಾಗುವ ಮೊದಲೇ, ಲೈಬ್ರರಿ ಇಳಿಸುವ ಪಿಪ್ ಕೂಡ ಅದೇ ಸಾಲು ಹೇಳಿ ಸಾಯುತ್ತಿತ್ತು. ‘ಹೊಸ ಇಮೇಜ್ ತಂದು ಹಾಕಿದ್ದಕ್ಕೆ ಹೀಗಾಯಿತು’ ಎಂಬುದು ಅಂದಿನಿಂದ ಆಫೀಸಿನ ಇತಿಹಾಸದಲ್ಲಿ ಸೇರಿಹೋಗಿದೆ.

ಇತಿಹಾಸವನ್ನು ಸ್ವಲ್ಪ ತಿದ್ದಬೇಕಿದೆ. ನಾವು ಪೈಥಾನ್ 3.10ರಲ್ಲೇ ಇದ್ದೆವು. ಡಾಕರ್‌ಫೈಲ್‌ನ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಇಮೇಜ್‌ನ ಹೆಸರಿಗೆ ಅಂಟಿಸುವ ‘3.10’ ಎಂಬ ಟ್ಯಾಗ್‌ನ ತಳ. ಡೆಬಿಯನ್ 12 ಜೂನ್ 10ರಂದು ಬಿಡುಗಡೆಯಾಯಿತು, ಅದರ ಬೆನ್ನಲ್ಲೇ ಆ ಟ್ಯಾಗ್ ಡೆಬಿಯನ್ 11ರಿಂದ 12ಕ್ಕೆ ಹಾರಿತು. ಹೊಸ ಡೆಬಿಯನ್‌ನ ಮೂಲ ಲೈಬ್ರರಿ ಜಿಲಿಬ್‌ಸಿ ಥ್ರೆಡ್ ಹುಟ್ಟಿಸಲು ಕ್ಲೋನ್3 ಎಂಬ ಹೊಸ ಕರೆಯನ್ನು ಕರ್ನೆಲ್‌ಗೆ ಕಳಿಸುತ್ತದೆ. ನಮ್ಮ ಬಿಲ್ಡ್ ಯಂತ್ರದ ಡಾಕರ್ 20.10.10ಕ್ಕಿಂತ ಹಳೆಯದು, ಅದರ ಬಾಗಿಲಲ್ಲಿ ಕೂತಿದ್ದ ಕಾವಲಿಗೆ ಈ ಕರೆಯ ಪರಿಚಯವಿಲ್ಲ. ‘ಅಂಥ ಕೌಂಟರ್ ಇಲ್ಲಿಲ್ಲ’ ಎಂದು ಹೇಳಿದ್ದರೆ ಜಿಲಿಬ್‌ಸಿ ಹಳೆಯ ಕೌಂಟರ್‌ಗೆ ಹೋಗಿ ಕೆಲಸ ಮುಗಿಸಿಕೊಳ್ಳುತ್ತಿತ್ತು. ಅದು ‘ನಿಮಗೆ ಅನುಮತಿ ಇಲ್ಲ’ ಎಂದಿತು. ಜಿಲಿಬ್‌ಸಿ ಕೈಚೆಲ್ಲಿ ಕೂತಿತು.

ಇದರಿಂದ ಕಲಿಯಬೇಕಾದದ್ದು ಎರಡು. ಹಳೆಯದಾಗಿ ಬಿಟ್ಟದ್ದು ನಮ್ಮ ಡಾಕರ್, ಬಿದ್ದದ್ದು ಅದರಿಂದ. ಟ್ಯಾಗ್ ಅನ್ನು ಅರ್ಧ ಬರೆದದ್ದು ನಾನು. ‘3.10’ ಎಂದು ಬರೆದು ತಳ ಯಾವುದೆಂದು ಬರೆಯದೆ ಬಿಟ್ಟರೆ, ‘ಲೇಟೆಸ್ಟ್’ ಎಂದು ಬರೆದು ಬಿಟ್ಟರೆ, ಆವೃತ್ತಿ ಬದಲಿಸುವ ದಿನವನ್ನು ಡಾಕರ್ ಹಬ್ ನಿಮ್ಮ ಪರವಾಗಿ ತೀರ್ಮಾನಿಸುತ್ತದೆ. ನನ್ನ ಪ್ರಸ್ತಾಪದಲ್ಲಿ ಪ್ರತಿ ಇಮೇಜ್‌ಗೂ ಪೂರ್ತಿ ಹೆಸರಿದೆ: ಯಾವ ರನ್‌ಟೈಮ್, ಯಾವ ಡೆಬಿಯನ್, ಯಾವ ದಿನ ಕಟ್ಟಿದ್ದು. 2023ರ ಜೂನ್‌ಗೆ ಮದ್ದು ಇದೇ.

‘ಹೊಸ ಆವೃತ್ತಿಯಲ್ಲಿ ನಮ್ಮ ಕೋಡ್ ಒಡೆಯುತ್ತೆ.’

ಒಡೆಯುತ್ತದೆ. ಇದರಲ್ಲಿ ವಾದವೇ ಇಲ್ಲ. ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ತೆಗೆದುಹಾಕಿದರು, ನಮ್ಮ ಒಂದು ಸರ್ವಿಸ್ ಆವೃತ್ತಿ ಸಂಖ್ಯೆಗಳನ್ನು ಹೋಲಿಸಲು ಅದನ್ನೇ ನೆಚ್ಚಿಕೊಂಡಿತ್ತು. ಜಾವಾ 11ರಿಂದ ಎಕ್ಸ್‌ಎಂಎಲ್ ಓದಿಸುವ ಜಾಕ್ಸ್‌ಬಿ ಒಳಗಿಲ್ಲ, ಹೊರಗಿನಿಂದ ತಂದುಕೊಳ್ಳಬೇಕು. ನೋಡ್ 17ರಲ್ಲಿ ಓಪನ್‌ಎಸ್‌ಎಸ್‌ಎಲ್ 3 ಬಂದಾಗ ವೆಬ್‌ಪ್ಯಾಕ್ 4 ಬಳಸುತ್ತಿದ್ದ ಊರಿಗೆ ಊರೇ ಗೋಳಾಡಿತು. ಜಾವಾ 20ರಲ್ಲಿ ಇನ್ನೂ ತಮಾಷೆ: ಇಂಗ್ಲಿಷಿನಲ್ಲಿ ಗಂಟೆ ಬರೆದು ಎಎಂ, ಪಿಎಂ ಹಾಕುವ ನಡುವಿನ ಖಾಲಿ ಜಾಗಕ್ಕೆ ಮಾಮೂಲಿ ಸ್ಪೇಸ್ ಬದಲು ಕಿರಿದಾದ, ಮುರಿಯದ ಇನ್ನೊಂದು ಸ್ಪೇಸ್ ಬಂತು. ಕಣ್ಣಿಗೆ ಎರಡೂ ಒಂದೇ. ಸಮಯ ಓದಿ ಲೆಕ್ಕ ಹಾಕುವ ಕೋಡ್‌ಗೆ ಒಂದಲ್ಲ. ಭಾಷಾ ದತ್ತಾಂಶದ ಸಿಎಲ್‌ಡಿಆರ್ 42ನೇ ಆವೃತ್ತಿ ತಂದ ಈ ಉಪಕಾರಕ್ಕೆ ಜಗತ್ತಿನ ಎಷ್ಟು ಎಂಜಿನಿಯರುಗಳ ನಿದ್ದೆ ಹೋಯಿತೋ.

ಆದರೆ ಈ ಪಟ್ಟಿ ಯಾವ ಕಡೆಗೆ ಸಾಕ್ಷಿ? ಹೊಸದರಲ್ಲಿ ಏನು ಒಡೆಯುತ್ತದೆಂದು ತಿಳಿಯಲು ಹೊಸ ಇಮೇಜ್ ಕೈಯಲ್ಲಿರಬೇಕಲ್ಲ? ಡಿಸ್ಟ್‌ಯುಟಿಲ್ಸ್ ಹೋಗುತ್ತದೆಂದು ಪೈಥಾನ್‌ನವರು 3.10ರಲ್ಲೇ, ಎರಡು ವರ್ಷ ಮುಂಚೆ, ಎಚ್ಚರಿಕೆ ಕೊಡಲು ಶುರುಮಾಡಿದ್ದರು. ನಮ್ಮ ಲಾಗ್‌ನಲ್ಲಿ ಆ ಎಚ್ಚರಿಕೆ ಸಾವಿರ ಸಲ ಬಂದಿರಬೇಕು.

ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಗ್ರಾಹಕರೊಬ್ಬರ ಲೇತ್ ಷಾಪ್ ಇದೆ. ಗೋಡೆಗೆ ಹೊಡೆದ ಮರದ ಹಲಗೆಯಲ್ಲಿ ಟ್ಯಾಪ್ ಮತ್ತು ಡೈಗಳ ಎರಡು ಸಾಲು. ಮೇಲಿನದು ಮಿಲಿಮೀಟರ್ ಮರೆಗಳದ್ದು, ದಿನವೂ ಕೈಗೆ ಬರುವುದು. ಕೆಳಗಿನದು ಇಂಚಿನ ಮರೆಗಳದ್ದು, ಅದರ ಮೇಲೆ ಎಣ್ಣೆ ಹಚ್ಚಿದ ಕಾಗದ. ದೇಶ ಮೆಟ್ರಿಕ್‌ಗೆ ಹೋಗಿ ಅರವತ್ತು ವರ್ಷ ದಾಟಿದರೂ ಹಳೆಯ ಯಂತ್ರದ ರಿಪೇರಿಗೆ ಇಂಚಿನದು ಬೇಕಾಗುತ್ತದೆ. ಇಂಚಿನ ಬೋಲ್ಟ್‌ಗಳು ಇವೆ ಎಂದು ಅವರು ಮೆಟ್ರಿಕ್ ಸೆಟ್ ಕೊಳ್ಳದೆ ಕೂರಲಿಲ್ಲ. ಮೆಟ್ರಿಕ್ ಬಂತೆಂದು ಇಂಚಿನದನ್ನು ಗುಜರಿಗೆ ಹಾಕಲೂ ಇಲ್ಲ. ನನ್ನ ‘ಪಕ್ಕದಲ್ಲಿ’ ಅಂದರೆ ಆ ಹಲಗೆ.

‘ಡಿಸ್ಟ್ರೋದವರು ಪ್ಯಾಚ್ ಕೊಡ್ತಾರೆ, ಸಾಕು.’

ಬರೆದು ಕೊಟ್ಟ ಆಕ್ಷೇಪಣೆಗಳಲ್ಲಿ ಇದು ಎಲ್ಲರಿಗಿಂತ ಹೆಚ್ಚು ಓದಿಕೊಂಡವರದ್ದು. ಅವರು ಕೊಟ್ಟ ಉದಾಹರಣೆಯೂ ಸರಿ. ರೆಡ್‌ಹ್ಯಾಟ್ 8ರ ಜೊತೆ ಬರುವ ಪೈಥಾನ್ 3.6ಕ್ಕೆ, ಪೈಥಾನ್‌ನವರು ಕೈಬಿಟ್ಟ ಮೇಲೂ, ರೆಡ್‌ಹ್ಯಾಟ್ 2029ರವರೆಗೆ ತಾನೇ ಭದ್ರತಾ ತೇಪೆ ಹಾಕುತ್ತದೆ. ಅದನ್ನು ಕೊಂಡು ಬಳಸುವ ಬ್ಯಾಂಕು ಅವಸರ ಪಡಬೇಕಿಲ್ಲ.

ನಾವು ಬಳಸುವುದು ಅದನ್ನಲ್ಲ. ಡಾಕರ್ ಹಬ್‌ನ ಅಧಿಕೃತ ಪೈಥಾನ್ ಇಮೇಜ್ ಒಳಗೆ ಇಣುಕಿ ನೋಡಿ: ತಳ ಡೆಬಿಯನ್‌ನದು ಹೌದು, ಆದರೆ ಪೈಥಾನ್ ಅನ್ನು ಮೂಲದಿಂದ ಕಂಪೈಲ್ ಮಾಡಿ ಬೇರೆ ಡೈರೆಕ್ಟರಿಯಲ್ಲಿ ಕೂರಿಸಿರುತ್ತಾರೆ. ಅದು ಡೆಬಿಯನ್‌ನ ಪ್ಯಾಕೇಜೇ ಅಲ್ಲ. ಡೆಬಿಯನ್ ಎಷ್ಟೇ ಪ್ಯಾಚ್ ಕೊಟ್ಟರೂ ಆ ಪೈಥಾನ್‌ಗೆ ತಗಲುವುದಿಲ್ಲ. ನೋಡ್ ಇಮೇಜ್‌ನದೂ ಇದೇ ಕಥೆ. ಇಮೇಜ್‌ನಲ್ಲಿ ಡೆಬಿಯನ್ ಇದೆ, ಆದ್ದರಿಂದ ಪೈಥಾನ್‌ಗೂ ಡೆಬಿಯನ್‌ನವರೇ ಜವಾಬ್ದಾರಿ ಅನ್ನುವುದು, ಒಂದೇ ಕಾಂಪೌಂಡಿನಲ್ಲಿ ಇದ್ದಾರೆಂದು ಪಕ್ಕದ ಮನೆಯ ಕರೆಂಟ್ ಬಿಲ್ ಕಟ್ಟಲು ಹೇಳಿದ ಹಾಗೆ.

ಇನ್ನು ರನ್‌ಟೈಮ್‌ಗೆ ಪ್ಯಾಚ್ ಸಿಕ್ಕರೂ ಅದರ ಮೇಲಿನ ಲೈಬ್ರರಿಗಳು ಕಾಯುವುದಿಲ್ಲ. ಜಾಂಗೊ 6.0ಕ್ಕೆ ಕನಿಷ್ಠ ಪೈಥಾನ್ 3.12 ಬೇಕು. ಸ್ಪ್ರಿಂಗ್ ಬೂಟ್ 3 ಬಂದದ್ದು 2022ರ ನವೆಂಬರ್‌ನಲ್ಲಿ, ಅದಕ್ಕೆ ಕನಿಷ್ಠ ಜಾವಾ 17. ಅದರ ಹಿಂದಿನ 2.7ಕ್ಕೆ ಸಿಗುತ್ತಿದ್ದ ಉಚಿತ ಬೆಂಬಲ ಒಂದು ವರ್ಷದ ನಂತರ ನಿಂತಿತು. ಜಾವಾ 8ರ ಮೇಲೆ ಕೂತಿರುವ ನಮ್ಮ ಸರ್ವಿಸ್‌ನಲ್ಲಿ ಭದ್ರತೆಯ ತೂತು ಹುಡುಕುವವರು ಜಾವಾವನ್ನೇ ಕೊರೆಯಬೇಕಿಲ್ಲ.

‘ಇಮೇಜ್‌ಗಳು ಮೂರಿದ್ದದ್ದು ಆರಾಗುತ್ತೆ. ನೋಡಿಕೊಳ್ಳೋರು ಯಾರು?’

ಏಳರಲ್ಲಿ ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದ್ದು ಇದೊಂದೇ. ಡಿಸ್ಕ್ ಜಾಗದ ಮಾತು ಬಿಡಿ. ಡೆಬಿಯನ್ ಪದರ ಒಂದೇ ಆಗಿದ್ದರೆ ಆರೂ ಇಮೇಜ್‌ಗಳು ಅದನ್ನು ಹಂಚಿಕೊಳ್ಳುತ್ತವೆ, ಜಾಗ ಎರಡರಷ್ಟಾಗುವುದಿಲ್ಲ. ವಾರಕ್ಕೊಮ್ಮೆ ರಾತ್ರಿ ಮತ್ತೆ ಕಟ್ಟುವುದನ್ನು ಯಂತ್ರವೇ ಮಾಡುತ್ತದೆ. ಆದರೆ ಹೊಸ ಭದ್ರತಾ ತೂತೊಂದು ಬಂದ ದಿನ ಆರನ್ನೂ ನೋಡಬೇಕಾದದ್ದು ಮನುಷ್ಯ, ಅಂದರೆ ನಾನು. ಆ ಹೊರೆ ನಿಜ. ಅದಕ್ಕೆ ನನ್ನ ಹತ್ತಿರ ಮಂತ್ರವಿಲ್ಲ. ಒಂದು ಒಪ್ಪಂದವಿದೆ: ಹೊಸದು ಒಂದು ಒಳಗೆ ಬಂದ ದಿನವೇ ಹಳೆಯದು ಹೊರಗೆ ಹೋಗುವ ತಾರೀಖನ್ನು ಬರೆದಿಡುವುದು. ಆ ತಾರೀಖು ನಾವು ಊಹಿಸಬೇಕಾದದ್ದಲ್ಲ. ಪೈಥಾನ್ ಪ್ರತಿ ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿ ತರುತ್ತದೆ, ಪ್ರತಿಯೊಂದಕ್ಕೂ ಐದು ವರ್ಷ ಆಯುಸ್ಸು. ಜಾವಾದಲ್ಲಿ 17, 21, 25 ಎಂದು ಎರಡೆರಡು ವರ್ಷಕ್ಕೆ ದೀರ್ಘಾವಧಿಯದು ಬರುತ್ತಿದೆ. ಪಂಚಾಂಗದಷ್ಟೇ ನಿಖರವಾಗಿ ಮೊದಲೇ ಅಚ್ಚಾಗಿರುವ ಪಟ್ಟಿ ಇದು.

ಆಕ್ಷೇಪಣೆಯಲ್ಲಿ ಒಂದು ಸಂಖ್ಯೆ ಮಾತ್ರ ತಪ್ಪು. ಈಗ ಇರುವುದು ಮೂರಲ್ಲ. ಉತ್ತರ ಬರೆಯುವ ಮೊದಲು ಎಲ್ಲ ಡಾಕರ್‌ಫೈಲ್‌ಗಳನ್ನೂ ಕೂತು ಓದಿದೆ. ಹೊಸ ಪೈಥಾನ್ ಬೇಕಿದ್ದ ಒಂದು ತಂಡ ನಮ್ಮ ಬೇಸ್ ಇಮೇಜ್ ಮೇಲೇ ಇನ್ನೊಂದು ಪೈಥಾನ್ ಅನ್ನು ಇಳಿಸಿಕೊಂಡು ಕಂಪೈಲ್ ಮಾಡಿಕೊಂಡಿದೆ. ಇನ್ನೊಂದು ತಂಡ ಎಲ್ಲಿಂದಲೋ, ಯಾರೋ ಕಟ್ಟಿದ ಜಾವಾ 17 ಇಮೇಜ್ ತಂದು ಹಾಕಿಕೊಂಡಿದೆ, ಕಟ್ಟಿದವರು ಯಾರೆಂದು ಬಳಸುವವರಿಗೂ ಗೊತ್ತಿಲ್ಲ. ಪಶ್ಚಿಮ ಬೆಂಗಳೂರಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾವೇರಿ ನೀರು ಬಾರದ ಬೀದಿಯಲ್ಲಿ ಮನೆಮನೆಗೂ ಬೋರ್‌ವೆಲ್ ಬೀಳುತ್ತದೆ. ಯಾರು ಎಷ್ಟು ಅಡಿ ಕೊರೆಸಿದರು, ಒಳಗೆ ಎಂಥ ನೀರಿದೆ ಎಂಬ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ನಾನು ಪೈಪ್ ಎಳೆಯದಿದ್ದರೆ ಇಮೇಜ್‌ಗಳು ಮೂರಕ್ಕೆ ನಿಲ್ಲುವುದಿಲ್ಲ, ಲೆಕ್ಕ ಮಾತ್ರ ಮೂರಕ್ಕೆ ನಿಲ್ಲುತ್ತದೆ.

‘ಇದರಿಂದ ಗ್ರಾಹಕರಿಗೇನು ಲಾಭ?’

ವೇಗ ಎಂದು ಹೇಳಿ ಮುಗಿಸಬಹುದಿತ್ತು. ಪೈಥಾನ್ 3.11 ತನ್ನ ಹಿಂದಿನ 3.10ಕ್ಕಿಂತ ಸರಾಸರಿ 1.25 ಪಟ್ಟು ವೇಗ ಎಂದು ಪೈಥಾನ್‌ನವರೇ ಅಳೆದು ಹೇಳಿದ್ದಾರೆ. ಆದರೆ ಫೀಸು ಕಟ್ಟಲು ಸಾಲಿನಲ್ಲಿ ನಿಂತವರಿಗೆ ಕಾಣುವ ಲಾಭ ಬೇರೆ. ಅದು ಕನ್ನಡಕ್ಕೆ ಸಂಬಂಧಿಸಿದ್ದು.

2019ರ ಜೂನ್. ವಿಜಯನಗರದ ಒಂದು ಶಾಲೆಯಲ್ಲಿ ನಮ್ಮ ಫೀಸು ಸರ್ವಿಸ್ ಹೊಸದಾಗಿ ಶುರುವಾಗಿತ್ತು, ನೋಡ್ 10ರ ಮೇಲೆ. ರಸೀದಿ ಕನ್ನಡದಲ್ಲಿ. ಒಂದು ದಿನ ಪೋಷಕರೊಬ್ಬರು ರಸೀದಿ ಹಿಡಿದು ಬಂದರು. ಹಣ ಕಟ್ಟಿದ್ದು ಜೂನ್ 5ಕ್ಕೆ, ರಸೀದಿಯಲ್ಲಿ 6/5/2019 ಎಂದಿದೆ. ‘ಮೇ ಆರನೇ ತಾರೀಖು ಕೌಂಟರೇ ತೆಗೆದಿರಲಿಲ್ಲವಲ್ಲಮ್ಮ, ಇದೇನಿದು?’ ಎಂದು ಅವರು ಕ್ಲರ್ಕ್‌ನ ಕೇಳಿದರು. ಕ್ಲರ್ಕ್ ನಮ್ಮನ್ನು ಕೇಳಿದರು. ನಾವು ಕೋಡ್ ನೋಡಿದೆವು. ಕನ್ನಡ, ಭಾರತ ಎಂದು ಸರಿಯಾಗಿಯೇ ಬರೆದಿತ್ತು. ಕಾರಣ ರನ್‌ಟೈಮ್‌ನಲ್ಲಿತ್ತು. ನೋಡ್ 12ರವರೆಗೂ ಅಧಿಕೃತ ನೋಡ್‌ನಲ್ಲಿ ಇಂಗ್ಲಿಷಿನ ಭಾಷಾ ದತ್ತಾಂಶ ಮಾತ್ರ ಇರುತ್ತಿತ್ತು. ಕನ್ನಡ ಕೇಳಿದರೆ ಅದು ಎರರ್ ಕೊಡುತ್ತಿರಲಿಲ್ಲ, ಸದ್ದಿಲ್ಲದೆ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮುಂದಿಟ್ಟು ಬರೆದು ಕೊಡುತ್ತಿತ್ತು. ತಿಂಗಳ ಮೊದಲ ಹನ್ನೆರಡು ದಿನ ಅದು ತಪ್ಪೆಂದೇ ತಿಳಿಯುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ ಬಂದ ನೋಡ್ 13ರಿಂದ ಎಲ್ಲ ಭಾಷೆಗಳ ದತ್ತಾಂಶ ಒಳಗೇ ಬಂತು. ಜಾವಾದಲ್ಲೂ ಹೀಗೇ: ಸಿಎಲ್‌ಡಿಆರ್ ದತ್ತಾಂಶ 9ರಿಂದ ತಾನಾಗಿ ಸಿಗುತ್ತದೆ, 8ರಲ್ಲಿ ಬೇಕೆಂದು ಬರೆದು ಕೇಳಬೇಕು. ಕೇಳಬೇಕೆಂದು ಗೊತ್ತಿದ್ದರೆ ತಾನೇ!

ಅಕ್ಷರಗಳ ಮಾತಿಗೆ ಬರೋಣ. 2021ರ ಯೂನಿಕೋಡ್ 14ರಲ್ಲಿ ಕನ್ನಡಕ್ಕೆ ‘ನಕಾರ ಪೊಲ್ಲು’ ಸೇರಿತು, ಹಳಗಾಲದ ಬರವಣಿಗೆಯಲ್ಲಿ ಸ್ವರವಿಲ್ಲದ ನಕಾರಕ್ಕಿದ್ದ ಬೇರೆಯೇ ರೂಪ. 2022ರ ಯೂನಿಕೋಡ್ 15ರಲ್ಲಿ ಅಕ್ಷರದ ಬಲಮೇಲ್ಗಡೆ ಕೂರುವ ಒಂದು ಅನುಸ್ವಾರ ಸೇರಿತು, ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವರಿಗೆ, ಹವ್ಯಕ ಮಾತನ್ನು ಉಚ್ಚಾರದಂತೆ ಬರೆಯುವವರಿಗೆ ಬೇಕಾದದ್ದು. ಪೈಥಾನ್ 3.10ರೊಳಗೆ ಇರುವುದು ಯೂನಿಕೋಡ್ 13. ಇವೆರಡೂ ಅದಕ್ಕೆ ಅಪರಿಚಿತ. ಹೆಸರು ಕೇಳಿದರೆ ‘ಅಂಥ ಹೆಸರಿಲ್ಲ’ ಎನ್ನುತ್ತದೆ, ನಕಾರ ಪೊಲ್ಲನ್ನು ಅಕ್ಷರವೇ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಹುಡುಕುವ ಪಟ್ಟಿ ತಯಾರಿಸುವಾಗ ಅದು ಪದದ ನಡುವಿನಿಂದ ಉದುರಿಹೋಗುತ್ತದೆ. 3.11ಕ್ಕೆ ಮೊದಲನೆಯದು ಗೊತ್ತು, 3.12ಕ್ಕೆ ಎರಡೂ. ಶಾಸನಗಳನ್ನೂ ಓಲೆಗರಿಗಳನ್ನೂ ಕಂಪ್ಯೂಟರಿಗೆ ಏರಿಸುತ್ತಿರುವವರಿಗೆ ಇದು ಸಣ್ಣ ಸಂಗತಿಯಲ್ಲ. ಆದರೂ ಹೊಸದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಪೈಥಾನ್‌ನ ಪದ ಹುಡುಕುವ ಸಲಕರಣೆಯಾದ ರೆಗೆಕ್ಸ್ ಗುಣಿತ ಚಿಹ್ನೆಗಳನ್ನು ಪದದ ಭಾಗವೆಂದು ಇವತ್ತಿಗೂ ಒಪ್ಪುವುದಿಲ್ಲ. ‘ಕಾವೇರಿ’ಯನ್ನು ಕೊಟ್ಟರೆ ಕ, ವ, ರ ಎಂದು ಮೂರು ತುಂಡು ಮಾಡಿ ಕೊಡುತ್ತದೆ, 3.14ರಲ್ಲೂ. ಆ ಜಗಳ ಬೇರೆ, ಇನ್ನೊಮ್ಮೆ ಆಡೋಣ.

‘ಬೇರೆಯವರು ಮೊದಲು ಬೀಳಲಿ, ಆರು ತಿಂಗಳು ಬಿಟ್ಟು ನೋಡೋಣ.’

ಕಾಫಿ ಹಿಡಿದು ಹೇಳಿದ್ದು ಇದು. ಪ್ರೊಡಕ್ಷನ್ ಬಗ್ಗೆ ಹೇಳಿದ್ದಾದರೆ ಪೂರ್ತಿ ಒಪ್ಪಿದೆ. ಯಾವ ಭಾಷೆಯದೇ ಆಗಲಿ, ಬಿಡುಗಡೆಯಾದ ತಿಂಗಳೇ ಶಾಲೆಯ ಫೀಸನ್ನು ಅದರ ಮೇಲೆ ಇಡುವವನು ನಾನಲ್ಲ. ಆದ್ದರಿಂದಲೇ ಪ್ರಸ್ತಾಪದಲ್ಲಿ ಪೈಥಾನ್ 3.14 ಇಲ್ಲ, 3.13 ಇದೆ. ಆದರೆ ಕಾಯುವುದಕ್ಕೂ ಕೈಯಲ್ಲಿ ಇಮೇಜ್ ಇಟ್ಟುಕೊಂಡು, ರಾತ್ರಿ ಟೆಸ್ಟ್‌ಗಳನ್ನು ಅದರ ಮೇಲೂ ಓಡಿಸುತ್ತ ಕಾಯುವುದಕ್ಕೂ ವ್ಯತ್ಯಾಸವಿದೆ. ಎಷ್ಟು ಕಾಲ ಕಾಯಬಹುದು ಎಂಬುದೂ ಪೂರ್ತಿ ನಮ್ಮ ಕೈಯಲ್ಲಿಲ್ಲ. ನೋಡ್ 16ರ ಬೆಂಬಲ 2024ರ ಏಪ್ರಿಲ್‌ವರೆಗೆ ಎಂದು ಮೊದಲು ಪ್ರಕಟಿಸಿದ್ದರು. ಅದರೊಳಗಿದ್ದ ಓಪನ್‌ಎಸ್‌ಎಸ್‌ಎಲ್ 1.1.1ರ ಬೆಂಬಲವೇ ಮೊದಲು ಮುಗಿಯುತ್ತಿದ್ದುದರಿಂದ ಏಳು ತಿಂಗಳು ಹಿಂದಕ್ಕೆ ತಂದು, 2023ರ ಸೆಪ್ಟೆಂಬರ್ 11ಕ್ಕೇ ಮುಗಿಸಿದರು. ಏಪ್ರಿಲ್ ಎಂದು ಲೆಕ್ಕ ಹಾಕಿ ಕೂತಿದ್ದವರಲ್ಲಿ ನಾವೂ ಇದ್ದೆವು.

ಉತ್ತರ ಇಷ್ಟು. ಯಾವ ಸರ್ವಿಸ್ ಅನ್ನೂ ಯಾರೂ ನಾಳೆಯೇ ಬದಲಿಸಬೇಕೆಂದು ನಾನು ಕೇಳಿಲ್ಲ, ಈಗಲೂ ಕೇಳುತ್ತಿಲ್ಲ. ನೋಡ್ 18ರ ಬೆಂಬಲ 2025ರ ಏಪ್ರಿಲ್ 30ಕ್ಕೆ ಮುಗಿಯಿತು. ಪೈಥಾನ್ 3.10ಕ್ಕೆ ಭದ್ರತಾ ಪ್ಯಾಚ್ ಸಿಗುವುದು 2026ರ ಅಕ್ಟೋಬರ್‌ವರೆಗೆ. ಹೊಸ ಮೂರೂ ಇಮೇಜ್‌ಗಳು ಕಟ್ಟಿ, ಪೂರ್ತಿ ಹೆಸರು ಬರೆದು ಸಿದ್ಧವಾಗಿವೆ. ರಿಜಿಸ್ಟ್ರಿಗೆ ಏರಿಸಲು ನಿಮ್ಮ ಏಳು ಜನರಲ್ಲಿ ಒಬ್ಬರ ಸಹಿ ಸಾಕು.